ಕಡಲ ತಡಿಯ ಮೀನೂಟ, ಏಳು ವರ್ಷದ ಬಾಕಿ

ಪ್ಯಾಕಪ್ ಆದ ಮೇಲೆ... (ವಾರದ ಅಂಕಣ)



ಕೊಪ್ಪಳದ ಕಡೆಯ ಓದುಗರೊಬ್ಬರು ಪತ್ರ ಬರೆದಿದ್ದಾರೆ. ‘ಸಾರ್, ಸಿನಿಮಾದಲ್ಲಿ ಹೀರೋ ಹೀರೋಯಿನ್ನು ಕಡಲ ದಂಡೆಯಲ್ಲಿ ಓಡ್ತಾರೆ, ಬೀಳ್ತಾರೆ, ಏಳ್ತಾರೆ, ಒದ್ದೆಯಾಗ್ತಾರೆ. ಅವರಿಗೆ ಹಸಿವೇ ಆಗಲ್ವಾ? ಅಲ್ಲಿ ಊಟ ಎಲ್ಲಿ ಮಾಡ್ತಾರೆ?’ ಅಂತ.

ಎಂಥಾ ಪ್ರಶ್ನೆ ಕೇಳಿಬಿಟ್ಟಿರಿ ಸ್ವಾಮಿ! ಈ ಪತ್ರ ಬಂದು ಮೂರು ತಿಂಗಳಾಯ್ತು. ಉತ್ತರ ನನಗೆ ಗೊತ್ತಿತ್ತು. ಆದರೂ ಬರೆಯೋಕೆ ಕೈ ಬರಲಿಲ್ಲ. ಯಾಕೆ ಅನ್ನೋದನ್ನ ಈ ವಾರ ಹೇಳಿಬಿಡ್ತೀನಿ. ಓದಿದ ಮೇಲೆ ನನ್ನ ಮೇಲೆ ನಿಮಗಿರೋ ಗೌರವ ಸ್ವಲ್ಪ ಕಮ್ಮಿಯಾದರೂ ಆಗಲಿ. ನಿಮ್ಮ ಹತ್ತಿರ ಮುಚ್ಚಿಟ್ಟು ನಾನು ಕಟ್ಟೋ ಕೋಟೆಯಾದರೂ ಯಾವುದು?

ಡ್ಯೂಯೆಟ್ಟಿನ ಹಿಂದಿನ ಅಡುಗೆಮನೆ

ಸೆಕೆಂಡ್ ಪಿಯುಸಿ ಅರ್ಧಕ್ಕೆ ಬಿಟ್ಟು ಗಾಂಧಿನಗರದ ಕಡೆ ಮುಖ ಮಾಡಿದವನು ನಾನು ಅಂತ ಈ ಅಂಕಣದಲ್ಲಿ ಹಿಂದೆಯೇ ಬರೆದಿದ್ದೇನೆ. ಮೂರು ವರ್ಷ ಅಲೆದ ಮೇಲೆ ಒಂದು ಚಿತ್ರದಲ್ಲಿ ಕೆಲಸ ಸಿಕ್ಕಿತು. ಹೆಸರಿಗೆ ಸಹಾಯಕ ನಿರ್ದೇಶಕ. ಕೆಲಸ ಮಾತ್ರ ಕ್ಲಾಪ್ ಹೊಡೆಯೋದರಿಂದ ಹಿಡಿದು ನಾಯಕಿಯ ತಲೆ ಮೇಲೆ ಕೊಡೆ ಹಿಡಿಯೋವರೆಗೆ. ‘ಟೈಟಲ್ ಕಾರ್ಡಿನಲ್ಲಿ ನಿನ್ನ ಹೆಸರು ಒಂಟಿಯಾಗಿ ಬರುತ್ತೆ ಕಣೋ’ ಅಂದಿದ್ದರು. ಆ ಒಂದು ಮಾತಿಗೆ ನಾನು ಊಟ ನಿದ್ದೆ ಬಿಟ್ಟು ದುಡಿದೆ. ಅಭಿಮಾನಿಗಳಾದ ನಿಮಗೆ ಬಿಡಿಸಿ ಹೇಳಬೇಕೇ? ಬೆಳ್ಳಿತೆರೆಯ ಮೇಲೆ ಎರಡು ಸೆಕೆಂಡ್ ನಮ್ಮ ಹೆಸರು ಮೂಡೋದು ಅಂದ್ರೆ ಏನು ಅಂತ!

2018ರ ಡಿಸೆಂಬರ್. ಹಾಡಿನ ಚಿತ್ರೀಕರಣಕ್ಕೆ ಕಡಲು ಬೇಕು, ಜನ ಇರಬಾರದು, ಖರ್ಚಂತೂ ಆಗಲೇಬಾರದು ಅಂದರು. ಲೊಕೇಶನ್ ಹುಡುಕಿಕೊಂಡು ನಾನು ಉತ್ತರ ಕನ್ನಡಕ್ಕೆ ಹೋದೆ. ಹೊನ್ನಾವರದಿಂದ ದಕ್ಷಿಣಕ್ಕೆ, ಮುರ್ಡೇಶ್ವರಕ್ಕಿಂತ ಈಚೆ, ಒಂದು ದಂಡೆ ಸಿಕ್ಕಿತು. ತೆಂಗಿನ ತೋಟ, ಗಾಳಿಮರದ ಸಾಲು, ಆಚೆ ಬಿಳೀ ಮರಳು. ಆ ಮರಳಿನ ಅಂಚಿನಲ್ಲಿ ಒಂದೇ ಒಂದು ಗುಡಿಸಲು. ಸೊಂಟದೆತ್ತರ ಕೆಂಪು ಕಲ್ಲಿನ ಗೋಡೆ, ಮೇಲೆ ತೆಂಗಿನ ಗರಿಯ ತಟ್ಟಿ, ಸಗಣಿ ಸಾರಿಸಿದ ನೆಲ, ನಾಲ್ಕು ಬೆಂಚು. ಹಲಗೆಯ ಮೇಲೆ ಸುಣ್ಣದಲ್ಲಿ ಬರೆದಿತ್ತು: ‘ಮೀನು ಊಟ ಸಿಗುತ್ತದೆ’.

ನಡೆಸುವವಳು ಐವತ್ತರ ಆಸುಪಾಸಿನ ಒಬ್ಬ ಅಕ್ಕ. ಮೀನುಗಾರರ ಮನೆಯವಳು. ಮನೆಯಲ್ಲಿ ಕೊಂಕಣಿ, ನಮ್ಮಂಥವರ ಹತ್ತಿರ ಕನ್ನಡ. ದರ ಮಾತಾಡಿದವನು ನಾನೇ. ನಾಲ್ಕು ದಿನ, ದಿನಕ್ಕೆ 32 ಜನ, ಊಟಕ್ಕೆ 120 ರೂಪಾಯಿ. ಲೈಟ್‌ಮನ್ನುಗಳು, ಎಂಟು ಜನ ಡ್ಯಾನ್ಸರುಗಳು, ಮೇಕಪ್ಪಿನವರು, ಡ್ರೈವರುಗಳು, ನಾವು. ನಾಯಕ ನಾಯಕಿಗೆ ಪೇಟೆಯ ಹೋಟೆಲಿನಿಂದ ಡಬ್ಬಿ ಬರುತ್ತಿತ್ತು, ಪಾಪ, ಅವರಿಗೆ ಆ ಪುಣ್ಯ ಇರಲಿಲ್ಲ!

ಲೆಕ್ಕ ಹಾಕಿ: 128 ಊಟ, 15,360 ರೂಪಾಯಿ. ಮುಂಗಡ ಕೊಟ್ಟಿದ್ದು 5,000. ಉಳಿದದ್ದು 10,360. ನನ್ನ ಡೈರಿಯಲ್ಲಿ ನಾನೇ ಗುಣಿಸಿ ಬರೆದ ಲೆಕ್ಕ ಇದು.

ನಾಲ್ಕನೇ ದಿನ ಸಂಜೆ ಸೂರ್ಯ ಮುಳುಗೋ ಶಾಟ್ ಸಿಕ್ಕಿತು, ಎಲ್ಲರೂ ಚಪ್ಪಾಳೆ ಹೊಡೆದರು, ಪ್ಯಾಕಪ್ ಆಯಿತು. ರಾತ್ರಿ ಪ್ರೊಡಕ್ಷನ್ ಮ್ಯಾನೇಜರ್ ಡ್ರೈವರುಗಳಿಗೆ ಹೇಳುತ್ತಿದ್ದುದು ನನ್ನ ಕಿವಿಗೆ ಬಿತ್ತು: ‘ಬೆಳಿಗ್ಗೆ ನಾಲ್ಕಕ್ಕೆ ಗಾಡಿ ಬಿಡಬೇಕು, ಸದ್ದು ಬೇಡ.’ ಅದರ ಅರ್ಥ ನನಗೆ ತಿಳೀತು. ಚಿಕ್ಕ ಮಗುವಿಗೂ ತಿಳೀತಿತ್ತು.

ಆಮೇಲೆ ನಾನು ಏನು ಮಾಡಿದೆ? ಗುಡಿಸಲಿಗೆ ಹೋದೆ. ಅಕ್ಕ ಪಾತ್ರೆ ತೊಳೀತಿದ್ದಳು. ‘ಅಕ್ಕಾ, ನಾಳೆ ಬೆಳಿಗ್ಗೆ ತಿಂಡಿ ಹೊತ್ತಿಗೆ ಮ್ಯಾನೇಜರ್ ಬಂದು ಬಾಕಿ ಕೊಡ್ತಾರೆ’ ಅಂದೆ. ‘ಅಡ್ಡಿಲ್ಲ ತಮಾ’ ಅಂದಳು. ಬೆಳಿಗ್ಗೆ ನಾಲ್ಕಕ್ಕೆ ನಾನೂ ಗಾಡಿ ಹತ್ತಿದೆ.

ಆ ಚಿತ್ರ ತೆರೆ ಕಾಣಲಿಲ್ಲ. ಕಂಪನಿಯ ಆಫೀಸಿಗೆ ಬೀಗ ಬಿತ್ತು. 2020ರ ಲಾಕ್‌ಡೌನಿನಲ್ಲಿ ನಾನು ಊರಿಗೆ ಹೋಗಿ ಮೆಡಿಕಲ್ ಸ್ಟೋರಿನಲ್ಲಿ ನಿಂತೆ, ಆಮೇಲೆ ಪತ್ರಿಕೆಗೆ ಬರೆಯತೊಡಗಿದೆ. ಟೈಟಲ್ ಕಾರ್ಡಿನ ಒಂಟಿ ಹೆಸರು ಡಬ್ಬದಲ್ಲೇ ಉಳೀತು. ಆ 10,360 ಮಾತ್ರ ಡೈರಿಯ ಆ ಪುಟದಲ್ಲಿ ಹಾಗೇ ಇತ್ತು. ಕೊಡಬೇಕಾದದ್ದು ಕಂಪನಿ, ನಾನಲ್ಲ ಅಂತ ಸಮಾಧಾನ ಮಾಡಿಕೊಂಡೆ. ತಪ್ಪಿಸಿಕೊಳ್ಳೋದಕ್ಕೆ ಕಾರಣ ಹುಡುಕೋದು ಯಾವತ್ತೂ ಸುಲಭ.

ಈ ವರ್ಷ ತಿಂಗಳಿಗೊಂದು ಸಾವಿರದ ಹಾಗೆ ಎತ್ತಿಟ್ಟೆ. ನವೆಂಬರ್ ಹೊತ್ತಿಗೆ ಲೆಕ್ಕ ಕೂಡಿತು. ಆಗಲೇ ಕೊಪ್ಪಳದ ಪತ್ರ. ಸರಿ, ಬ್ಯಾಗು ಹೆಗಲಿಗೇರಿಸಿದೆ.

ಶಂಕ್ರಣ್ಣನ ಊರಲ್ಲಿ

ಬೆಂಗಳೂರಿನಿಂದ ರಾತ್ರಿ ಬಸ್ಸು. ತುಮಕೂರು, ಶಿವಮೊಗ್ಗ, ಸಾಗರ ದಾಟಿ ಗೇರುಸೊಪ್ಪೆ ಘಟ್ಟ ಇಳೀತಿದ್ದ ಹಾಗೆ ಗಾಳಿಯ ಗುಣವೇ ಬದಲಾಗುತ್ತೆ. ಸ್ವೆಟರ್ ಬಿಚ್ಚಬೇಕು ಅನ್ನಿಸುತ್ತೆ. ಬೆಳಗಿನ ಜಾವ ಹೊನ್ನಾವರ ಬಸ್ ಸ್ಟ್ಯಾಂಡಿನಲ್ಲಿ ಇಳಿದರೆ ಎದುರಿಗೇ ನಿಂತಿದ್ದ ಆಟೋದ ಹಿಂದೆ ಯಾರ ಚಿತ್ರ ಹೇಳಿ ನೋಡೋಣ?

ಇನ್ಯಾರದ್ದು, ನಮ್ಮ ಶಂಕ್ರಣ್ಣ! 1980ರಲ್ಲಿ ‘ಆಟೋ ರಾಜ’ ಬಂದಾಗ ಹುಟ್ಟಿಯೇ ಇರದ ಹುಡುಗರು ಇವತ್ತಿಗೂ ಅವರ ಚಿತ್ರ ಅಂಟಿಸಿಕೊಂಡು ಓಡಾಡ್ತಾರೆ. ಇಲ್ಲಂತೂ ಅಂಟಿಸದೇ ಇದ್ದರೆ ತಪ್ಪಾಗುತ್ತೆ. ಶಂಕರ್‌ನಾಗ್ ಹುಟ್ಟಿದ್ದೇ ಈ ಹೊನ್ನಾವರ ತಾಲೂಕಿನಲ್ಲಿ, 1954ರ ನವೆಂಬರ್ 9ರಂದು. ‘ಮಿಂಚಿನ ಓಟ’, ‘ಆ್ಯಕ್ಸಿಡೆಂಟ್’, ‘ಮಾಲ್ಗುಡಿ ಡೇಸ್’... 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಹತ್ತಿರದ ಆನಗೋಡಿನಲ್ಲಿ ಆ ಓಟ ನಿಂತಾಗ ಅವರಿಗೆ ಮೂವತ್ತಾರು ಕೂಡ ತುಂಬಿರಲಿಲ್ಲ.

‘ಎಷ್ಟಣ್ಣಾ ಚಾರ್ಜು?’ ಅಂತ ಕೇಳಿದೆ. ಆಟೋದವನು ರೇಟು ಹೇಳಿದ. ನಾನು ಚೌಕಾಸಿ ಮಾಡೋಕೆ ಬಾಯಿ ತೆರೆದೆ. ಅವನು ಹಿಂದಿನ ಚಿತ್ರದ ಕಡೆ ಬೆರಳು ಮಾಡಿ, ‘ಅವರನ್ನ ಹಿಂದೆ ಕೂರಿಸ್ಕೊಂಡು ಸುಳ್ಳು ರೇಟು ಹೇಳ್ತೇನಾ ಮಾರಾಯ್ರೇ?’ ಅಂದ. ನಾನು ಸುಮ್ಮನೆ ಕೂತೆ. ಬ್ಯಾಗಿನಲ್ಲಿದ್ದ ಲಕೋಟೆಯನ್ನ ಒಮ್ಮೆ ಮುಟ್ಟಿ ನೋಡಿಕೊಂಡೆ.

ಶರಾವತಿಯ ಸೇತುವೆ ದಾಟುವಾಗ ದೂರದಲ್ಲಿ ಕೊಂಕಣ ರೈಲ್ವೆಯ ಸೇತುವೆ ಕಾಣುತ್ತೆ. ಎರಡು ಕಿಲೋಮೀಟರಿಗೂ ಉದ್ದ, ಆ ರೈಲು ಮಾರ್ಗದಲ್ಲೇ ಅತಿ ಉದ್ದದ್ದು. ನದಿ ಅಲ್ಲೇ ಪಕ್ಕದಲ್ಲಿ ಕಡಲು ಸೇರುತ್ತೆ. ಮುಂದೆ ಕಾಸರಕೋಡು. ಅಲ್ಲಿನ ಕಡಲ ತೀರಕ್ಕೆ 2020ರಲ್ಲಿ ‘ಬ್ಲೂ ಫ್ಲ್ಯಾಗ್’ ಮನ್ನಣೆ ಬಂತು. ಇನ್ನೂ ದಕ್ಷಿಣಕ್ಕೆ ಹೋದರೆ ಮುರ್ಡೇಶ್ವರ, 123 ಅಡಿಯ ಶಿವನ ಮೂರ್ತಿ, ಬಸ್ಸುಗಟ್ಟಲೆ ಜನ. ಈ ಎರಡರ ನಡುವೆ ಹೆದ್ದಾರಿಯಿಂದ ಪಡುವಣಕ್ಕೆ ತಿರುಗುವ ಒಂದು ಸಣ್ಣ ರಸ್ತೆಯಲ್ಲಿ ನಮ್ಮ ಆಟೋ ನಿಂತಿತು. ಊರಿನ ಹೆಸರು ಕೇಳಬೇಡಿ. ಬರೆಯಬಾರದು ಅಂತ ಅಪ್ಪಣೆಯಾಗಿದೆ. ಯಾರ ಅಪ್ಪಣೆ ಅನ್ನೋದು ಮುಂದೆ ಬರುತ್ತೆ.

ಹಗ್ಗ ಎಳೆದವನಿಗೆ ಮೀನು

ದಂಡೆಯಲ್ಲಿ ಹದಿನೈದಿಪ್ಪತ್ತು ಜನ ಎರಡು ಸಾಲಾಗಿ ನಿಂತು ಕಡಲಿನಿಂದ ಹಗ್ಗ ಎಳೀತಿದ್ದರು. ಇದು ಕೈರಂಪಣಿ. ಬಲೆಯ ಒಂದು ತುದಿಯ ಹಗ್ಗ ದಂಡೆಯಲ್ಲೇ ಇರುತ್ತೆ. ದೋಣಿಯವರು ಬಲೆ ಬಿಡುತ್ತಾ ಅರ್ಧ ಚಂದ್ರದ ಹಾಗೆ ಸುತ್ತಿ ಬಂದು ಇನ್ನೊಂದು ತುದಿಯನ್ನ ದೂರದಲ್ಲಿ ದಂಡೆಗೆ ತಲುಪಿಸ್ತಾರೆ. ಆಮೇಲೆ ಎರಡೂ ಕಡೆಯವರು ಹೆಜ್ಜೆ ಹೆಜ್ಜೆಯಾಗಿ ಎಳೆಯೋದು. ಹತ್ತಿರ ಬಂದ ಹಾಗೆ ಎರಡೂ ಸಾಲು ಒಂದಾಗುತ್ತೆ.

ನಾನು ನೋಡ್ತಾ ನಿಂತಿದ್ದೆ. ಬಿಳೀ ಕೂದಲಿನ ಅಜ್ಜ ಒಬ್ಬರು, ‘ಎಂತ ನೋಡ್ತೆ? ಕೈ ಹಾಕು’ ಅಂದರು. ಪ್ಯಾಂಟು ಮಡಚಿ ಕೈ ಹಾಕಿದೆ. ಗುರುವೇ, ಜಿಮ್ಮಿಗೆ ಹೋಗೋ ನಮ್ಮ ಸಿಕ್ಸ್ ಪ್ಯಾಕ್ ಹೀರೋಗಳನ್ನ ಒಂದು ದಿನ ಈ ಹಗ್ಗಕ್ಕೆ ಕಟ್ಟಬೇಕು! ಮುಕ್ಕಾಲು ಗಂಟೆಯಲ್ಲಿ ನನ್ನ ಅಂಗೈ ಕೆಂಪಗೆ ಬೊಬ್ಬೆ ಎದ್ದಿತು.

ಬಲೆ ಮೇಲೆ ಬಂತು. ತಾರ್ಲೆ, ಬಂಗುಡೆ, ಒಂದಷ್ಟು ಶೆಟ್ಲಿ, ಅಂದರೆ ನಮ್ಮ ಸಿಗಡಿ. ‘ಇಷ್ಟೇನಾ?’ ಅಂತ ಬಾಯಿ ತಪ್ಪಿ ಕೇಳಿಬಿಟ್ಟೆ. ಅಜ್ಜ ನಕ್ಕರು. ಮೊದಲು ಇದೇ ದಂಡೆಯಲ್ಲಿ ನೂರಾರು ಜನ ಎಳೆಯೋ ದೊಡ್ಡ ರಂಪಣಿ ಇತ್ತಂತೆ. 1970ರ ದಶಕದ ಕೊನೆಗೆ ಯಂತ್ರದ ದೋಣಿಗಳ ಪರ್ಸೀನ್ ಬಲೆ ಬಂದು ಮೀನಿನ ಹಿಂಡನ್ನ ಕಡಲಲ್ಲೇ ಸುತ್ತುಗಟ್ಟಿ ಎತ್ತತೊಡಗಿತು. ದಂಡೆವರೆಗೆ ಬರೋದು ಕಮ್ಮಿಯಾಯ್ತು, ದೊಡ್ಡ ರಂಪಣಿ ಮೂಲೆ ಸೇರಿತು. ಈಗ ರಾತ್ರಿ ಕಡಲಿನ ಮೇಲೆ ದೊಡ್ಡ ದೊಡ್ಡ ದೀಪ ಉರಿಸಿ ಮೀನನ್ನ ಬೆಳಕಿಗೆ ಕರೆದು ಹಿಡಿಯೋರಿದ್ದಾರೆ. ದೊಡ್ಡ ಮೀನಿನ ಜೊತೆ ಮರಿಗಳೂ ಬೆಳಕಿಗೆ ಬರ್ತವೆ, ಎಲ್ಲ ಬಲೆಗೆ. ಬೆಳಕಿನ ಮೀನುಗಾರಿಕೆಯನ್ನೂ ಬುಲ್ ಟ್ರಾಲಿಂಗನ್ನೂ ಕೇಂದ್ರ ಸರ್ಕಾರ 2017ರಲ್ಲೇ ನಿಷೇಧಿಸಿದೆ. ‘ಕಾಯ್ದೆ ಕಾಗದದಲ್ಲಿ, ದೀಪ ಕಡಲಲ್ಲಿ’ ಅಂದರು ಅಜ್ಜ.

ಪಾಲು ಹಂಚುವಾಗ ಅಜ್ಜ ನನ್ನ ಕರೆದು ಎಂಟು ಬಂಗುಡೆ ಕೈಗೆ ಹಾಕಿದರು. ನಾನು ಬೇಡ ಅಂದೆ. ‘ಹಗ್ಗ ಎಳೆದವನಿಗೆ ಮೀನು ಕೊಡದೆ ಕಳಿಸೋ ಪದ್ಧತಿ ಇಲ್ಲಿಲ್ಲ’ ಅಂದರು. ಈ ಮಾತನ್ನ ನೆನಪಿಟ್ಟುಕೊಳ್ಳಿ ಮಿತ್ರರೇ.

ಬಂಗುಡೆ, ರವೆ, ತೆಪ್ಪಲ್

ಗುಡಿಸಲು ಹಾಗೇ ಇತ್ತು. ಗರಿಯ ತಟ್ಟಿಯ ಮೇಲೆ ಈಗ ನೀಲಿ ಟಾರ್ಪಾಲು, ಬೆಂಚಿನ ಜಾಗದಲ್ಲಿ ಪ್ಲಾಸ್ಟಿಕ್ ಕುರ್ಚಿ, ಗೋಡೆಗೆ ಯುಪಿಐ ಸ್ಕ್ಯಾನರ್ ಹಾಳೆ. ಅಕ್ಕನ ತಲೆ ಪೂರ್ತಿ ಹಣ್ಣಾಗಿತ್ತು.

‘ಎಂತ ತಮಾ, ಊಟನಾ?’

‘ಹೌದಕ್ಕಾ. ಮೀನು ತಂದಿದ್ದೀನಿ.’

ಮೀನು ತಗೊಂಡು ಕಿವಿರು ಎತ್ತಿ ನೋಡಿದಳು. ಕೆಂಪಗಿದ್ದರೆ ತಾಜಾ, ಕಂದಾದರೆ ಹಳೇದು. ಕಣ್ಣು ಉಬ್ಬಿ ಹೊಳೀತಿರಬೇಕು, ಬೆರಳಲ್ಲಿ ಒತ್ತಿದರೆ ಮಾಂಸ ತಿರುಗಿ ಮೇಲೇಳಬೇಕು. ‘ಅಡ್ಡಿಲ್ಲ’ ಅಂದಳು. ನನ್ನ ಗುರುತು ಹಿಡೀಲಿಲ್ಲ ಅಂದುಕೊಂಡೆ. ಎದೆ ಹಗುರಾಯ್ತು. ಊಟ ಮಾಡಿ, ಲಕೋಟೆಯನ್ನ ತಟ್ಟೆ ಕೆಳಗಿಟ್ಟು ಓಡಿಬಿಡೋಣವೇ ಅನ್ನೋ ಯೋಚನೆಯೂ ಬಂತು. ನೋಡಿ, ಬುದ್ಧಿ ಎಲ್ಲಿ ಹೋಗುತ್ತೆ!

ಮೆನು ಕಾರ್ಡು ಇಲ್ಲಿಲ್ಲ. ಬೆಳಿಗ್ಗೆ ಬಲೆಗೆ ಬಿದ್ದದ್ದೇ ಮಧ್ಯಾಹ್ನದ ಮೆನು. ಬಂಗುಡೆ ಬಂದರೆ ಬಂಗುಡೆ, ಹೊಳೆಬಾಯಿಯ ಕಡೆಯಿಂದ ಬಳಚು ಬಂದರೆ ಬಳಚು, ಏನೂ ಬರದಿದ್ದರೆ ಒಣಮೀನಿನ ಚಟ್ನಿ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಂತ್ರದ ದೋಣಿಗಳು ಕಡಲಿಗೆ ಇಳಿಯೋ ಹಾಗಿಲ್ಲ, ಮೀನು ಮರಿ ಮಾಡೋ ಕಾಲ. ಆ ದಿನಗಳಲ್ಲಿ ಬೇಸಿಗೆಯಲ್ಲಿ ಒಣಗಿಸಿಟ್ಟದ್ದೇ ಗತಿ. ಅಲೆ ಗುಡಿಸಲಿನ ಮೆಟ್ಟಿಲಿಗೆ ಬರುತ್ತೆ ಅಂತ ಅಕ್ಕ ಬಾಗಿಲೇ ಹಾಕ್ತಾಳೆ.

ಅಡುಗೆ ನೋಡೋದೇ ಒಂದು ಸಿನಿಮಾ. ನಾಲ್ಕು ಬಂಗುಡೆ ಹುರಿಯೋದಕ್ಕೆ, ನಾಲ್ಕು ಸಾರಿಗೆ. ಹುರಿಯೋ ಮೀನಿಗೆ ಎರಡೂ ಬದಿ ಓರೆಯಾಗಿ ಗೀರು ಹಾಕಿ, ಉಪ್ಪು, ಅರಿಶಿನ, ಖಾರದಪುಡಿ, ಮುರುಗಲು ಹಣ್ಣಿನ ಹುಳಿ ಹಚ್ಚಿ ಒಂದು ಕಡೆ ಇಟ್ಟಳು. ಆಮೇಲೆ ಸಣ್ಣ ರವೆಯಲ್ಲಿ ಹೊರಳಿಸಿ ಕಾವಲಿಗೆ. ಕೊಬ್ಬರಿ ಎಣ್ಣೆ ಚುರ್ ಅಂದದ್ದು ನನ್ನ ಹೊಟ್ಟೆಯೊಳಗೆ ಕೇಳಿಸಿತು! ಸಾರಿಗೆ ತೆಂಗಿನಕಾಯಿ, ಬ್ಯಾಡಗಿ ಮೆಣಸು, ಕೊತ್ತಂಬರಿ ಬೀಜ ಒರಳಿನಲ್ಲಿ ನುಣ್ಣಗೆ ರುಬ್ಬಿ, ಕೊನೆಗೆ ಜಜ್ಜಿದ ತೆಪ್ಪಲ್ ಹಾಕಿದಳು. ಕನ್ನಡದಲ್ಲಿ ಜುಮ್ಮನಕಾಯಿ ಅಂತಾರೆ, ಹೆಸರೇ ಹೇಳುತ್ತಲ್ಲ, ನಾಲಿಗೆ ಜುಮ್ ಅನ್ನುತ್ತೆ. ಮೆಣಸಿನ ಖಾರ ಬೇರೆ, ಇದು ಬೇರೆ. ಬಂಗುಡೆಯ ಎಣ್ಣೆ ಜಿಡ್ಡನ್ನ, ಹಸಿ ವಾಸನೆಯನ್ನ ಇದು ಹಿಡಿದು ನಿಲ್ಲಿಸುತ್ತೆ.

ಕುಚ್ಚಲಕ್ಕಿ ಅನ್ನ, ಸಾರು, ಹುರಿದ ಬಂಗುಡೆ, ಪಕ್ಕದಲ್ಲಿ ಸೋಲ್ ಕಡಿ. ಮುರುಗಲಿನ ರಸಕ್ಕೆ ತೆಂಗಿನ ಹಾಲು ಸೇರಿಸಿದ ಗುಲಾಬಿ ಬಣ್ಣದ ಪಾನಕ ಅದು. ಎದುರಿಗೆ ಕಡಲು. ಮರಳಿನ ಮೇಲೆ ನೇರಳೆ ಹೂವಿನ ಬಳ್ಳಿ ಹಬ್ಬಿದೆ. ಆಚೆ ಒಂದು ಪಾತಿ ದೋಣಿ ಮಗುಚಿ ಮಲಗಿದೆ. ಇಡೀ ದಂಡೆಯಲ್ಲಿ ನಾನು, ಅಕ್ಕ, ಎರಡು ನಾಯಿ, ಒಂದಿಷ್ಟು ಕಾಗೆ.

1968ರಲ್ಲಿ ಅಣ್ಣಾವ್ರ ‘ಗೋವಾದಲ್ಲಿ ಸಿ.ಐ.ಡಿ. 999’ ಬಂದಾಗಿನಿಂದ ನಮ್ಮವರಿಗೆ ಕಡಲು ಅಂದರೆ ಗೋವಾದ ಕಡೆಗೇ ಒಂದು ಕಣ್ಣು. 2014ರ ‘ಉಳಿದವರು ಕಂಡಂತೆ’ಯಲ್ಲಿ ಮಲ್ಪೆಯ ಬಂದರು, ದೋಣಿ, ಅಲ್ಲಿನ ಜನರ ಮಾತು ತೆರೆಗೆ ಬಂದಾಗ ನಾನು ಸೀಟಿ ಹೊಡೆದಿದ್ದೆ. ಆದರೂ ಊಟ ಹಾಕುವ ಈ ಅಕ್ಕಂದಿರ ಗುಡಿಸಲು ಹಾಡಿನಲ್ಲಿ ಹಿಂಬದಿಗೇ ಉಳಿಯುತ್ತೆ. ನಮ್ಮ ಹಾಡಿನಲ್ಲೂ ಅದು ಇತ್ತು. ನಾಯಕಿ ಅದರ ಮುಂದೆಯೇ ಸುತ್ತಿ ಕುಣಿದಿದ್ದಳು.

ಸುಳ್ಳು ಹೇಳಿದ್ದು ನೀನೊಬ್ನೇ

ಸೋಲ್ ಕಡಿ ಎರಡು ಲೋಟ ಮುಗಿಸಿ ಮೂರನೆಯದಕ್ಕೆ ಲೋಟ ಚಾಚಿದೆ. ಅಕ್ಕ ಹುಯ್ಯುತ್ತಾ ಹೇಳಿದಳು: ‘ಆಗಲೂ ಮೂರು ಲೋಟ ಕುಡೀತಿದ್ದೆ ನೀನು.’

ಕೈಯಲ್ಲಿದ್ದ ತುತ್ತು ತಟ್ಟೆಗೆ ಬಿತ್ತು.

‘ಅಕ್ಕಾ... ಒಂದು ಹಳೇ ಲೆಕ್ಕ...’

‘ಹತ್ತು ಸಾವಿರದ ಮುನ್ನೂರ ಅರವತ್ತು’ ಅಂದಳು. ಒಲೆಯ ಕಡೆ ತಿರುಗಿಕೊಂಡೇ ಅಂದಳು.

ಕೈ ತೊಳೆದು ಬಂದೆ. ಲಕೋಟೆ ಎರಡೂ ಕೈಯಲ್ಲಿ ಕೊಟ್ಟೆ. ಕಂಪನಿ ಮುಚ್ಚಿದ್ದು, ಮ್ಯಾನೇಜರ್ ಫೋನು ಸ್ವಿಚ್ ಆಫ್ ಆದದ್ದು, ಚಿತ್ರ ನಿಂತದ್ದು, ಲಾಕ್‌ಡೌನ್... ಒಂದೇ ಉಸಿರಿಗೆ ಒದರಿದೆ. ಅವಳು ಸೆರಗಿಗೆ ಕೈ ಒರೆಸಿಕೊಂಡು ಕೇಳ್ತಾ ನಿಂತಳು.

‘ಸಿನಿಮಾದವರು ಬಾಕಿ ಇಟ್ಟು ಹೋಗೋದು ಹೊಸತಲ್ಲ ತಮಾ’ ಅಂದಳು. ‘ಆ ಮೂವತ್ತು ಜನ ಹೇಳದೇ ಕೇಳದೇ ಹೋದ್ರು. ನೀನೊಬ್ನೇ ಬಂದು ನಾಳೆ ಕೊಡ್ತಾರೆ ಅಂದೆ. ಸುಳ್ಳು ಹೇಳಿದ್ದು ನೀನೊಬ್ನೇ.’

ಇದಕ್ಕೆ ನಾನು ಏನು ಹೇಳಲಿ? ಯಾವ ಡೈಲಾಗ್ ರೈಟರ್ ಬರೆದ ಮಾತೂ ಇಷ್ಟು ನೇರವಾಗಿ ನನ್ನ ಎದೆಗೆ ಬಿದ್ದಿಲ್ಲ.

‘ನೀನು ಹೇಳಿದ್ದಕ್ಕೆ ಮರುದಿನ ಬೆಳಿಗ್ಗೆ ನಾನು ತಿಂಡಿಗೆ ಅಕ್ಕಿ ನೆನೆಸಿಟ್ಟಿದ್ದೆ’ ಅಂದಳು. ‘ಮೂವತ್ತೆರಡು ಜನಕ್ಕೆ.’

ಆ ನಾಲ್ಕು ದಿನದ ಮೀನನ್ನ ಅವಳು ಕೈರಂಪಣಿಯವರ ಹತ್ತಿರ ಉದ್ರಿ ತಂದಿದ್ದಳಂತೆ, ಅಕ್ಕಿ ಎಣ್ಣೆ ಪೇಟೆಯ ಅಂಗಡಿಯಿಂದ. ಬೆಳಿಗ್ಗೆ ನನಗೆ ಎಂಟು ಬಂಗುಡೆ ಕೊಟ್ಟರಲ್ಲ, ಆ ಅಜ್ಜನಿಗೇ ಮೂರು ಸಾವಿರ ಚಿಲ್ಲರೆ ಕೊಡಬೇಕಿತ್ತು. ಬೇಸಿಗೆಯಿಡೀ ಒಣಮೀನು ಮಾರಿ ತೀರಿಸಿದ್ದಾಳೆ. ಪ್ರತಿ ವರ್ಷ ಮಳೆಗೆ ಮುಂಚೆ ಸೂರಿಗೆ ಹೊಸ ತಟ್ಟಿ ಹೊದಿಸಬೇಕು. ಆ ವರ್ಷ ಹೊದಿಸಲಿಲ್ಲ. ‘ಒಂದು ಮಳೆಗಾಲ ಸೋರಿತು, ಅಷ್ಟೇ’ ಅಂದಳು.

‘ಅಜ್ಜನಿಗೆ ನಾನ್ಯಾರು ಅಂತ ಗೊತ್ತಾ ಅಕ್ಕಾ?’

‘ದೂರದಿಂದ ನೋಡಿ ನಂಗೆ ಹೇಳಿ ಕಳಿಸಿದ್ದೇ ಅವ್ರು. ಸಿನಿಮಾದ ಹುಡುಗ ಬಂದಿದ್ದಾನೆ ಅಂತ.’

ಗೊತ್ತಿದ್ದೂ ಹಗ್ಗಕ್ಕೆ ಕೈ ಹಾಕಿಸಿದರು. ಗೊತ್ತಿದ್ದೂ ಪಾಲು ಕೊಟ್ಟರು.

ಅಕ್ಕ ಬೆಂಚಿನ ಮೇಲೆ ಕೂತು ನೋಟು ಎಣಿಸಿದಳು. ಐನೂರರ ಇಪ್ಪತ್ತು, ನೂರರ ಮೂರು, ಮತ್ತೆ ಅರವತ್ತು. ಎರಡು ಸಲ ಎಣಿಸಿದಳು. ‘ಬೇಡ ತಮಾ, ಇಟ್ಕೋ’ ಅನ್ನೋ ಸಿನಿಮಾ ಮಾತು ಅವಳ ಬಾಯಿಂದ ಬರಲಿಲ್ಲ. ಬರಬಾರದು ಕೂಡ. ಅದು ಅವಳ ದುಡ್ಡು. ‘ಬಡ್ಡಿ ಅಂತ ಏನಾದ್ರೂ...’ ಅಂತ ನಾನು ಅಂದೆ. ‘ಬಡ್ಡಿ ತಗೊಳ್ಳೋಕೆ ನಾನು ಸಾಲ ಕೊಟ್ಟದ್ದಲ್ಲ, ಊಟ ಹಾಕಿದ್ದು’ ಅಂದಳು.

ದುಡ್ಡು ಡಬ್ಬಕ್ಕೆ ಹಾಕಿ ಮುಚ್ಚಳ ಒತ್ತಿ, ನನ್ನ ಕಡೆ ನೋಡಿ ಅಂದಳು: ‘ಇವತ್ತಿನದ್ದು ಬೇರೆ. ನೂರೈವತ್ತು. ಮೀನು ನೀನೇ ತಂದದ್ದು ಅಂತ ಹುರಿದದ್ದಕ್ಕೆ ಹಾಕಿಲ್ಲ.’

ಕೊಟ್ಟೆ. ಏಳು ವರ್ಷದಲ್ಲಿ ನಾನು ನಿರಾಳವಾಗಿ ಕೊಟ್ಟ ದುಡ್ಡು ಅಂದ್ರೆ ಆ ನೂರೈವತ್ತು.

ಹೊರಡುವಾಗ ಹೇಳಿದೆ, ‘ಅಕ್ಕಾ, ಪತ್ರಿಕೇಲಿ ಬರೀತೀನಿ, ನಿಮ್ಮ ಹೋಟ್ಲು, ಊರು, ಹೆಸರು ಎಲ್ಲ ಹಾಕ್ತೀನಿ, ಜನ ಬರ್ತಾರೆ.’ ಕೈ ಅಡ್ಡ ಮಾಡಿದಳು. ‘ಹೆಸರು ಹಾಕ್ಬೇಡ ಮಾರಾಯಾ. ಬಲೆಗೆ ಬರೋದು ಇಷ್ಟೇ ಮೀನು. ಜಾಸ್ತಿ ಜನ ಬಂದ್ರೆ ನಾನು ಪೇಟೆಯ ಐಸ್ ಮೀನು ತಂದು ಹಾಕ್ಬೇಕು. ಅದು ಬೇಡ. ನೀನು ಮಾಡಿದ್ದು ಬರಿ. ಅಷ್ಟು ಸಾಕು.’

ಅದಕ್ಕೇ ಬರೆದಿದ್ದೇನೆ.

ಹೋಗೋರಿಗೆ ನಾಲ್ಕು ಮಾತು

ಕೊಪ್ಪಳದ ಮಿತ್ರರೇ, ನಿಮ್ಮ ಪ್ರಶ್ನೆಗೆ ಉತ್ತರ ಸಿಕ್ಕಿತಲ್ಲ? ಹೊನ್ನಾವರ, ಕುಮಟಾ, ಅಂಕೋಲಾ, ಕಾರವಾರ, ಆ ಹೆದ್ದಾರಿಯ ಯಾವ ಊರಲ್ಲಿ ಇಳಿದರೂ ಪಡುವಣಕ್ಕೆ ನಡೆದರೆ ಇಂಥ ಗುಡಿಸಲು, ಸಣ್ಣ ಮೀನೂಟದ ಹೋಟೆಲು ಸಿಗ್ತವೆ. ಬಸ್ ಸ್ಟ್ಯಾಂಡಿನಲ್ಲಿ ಆಟೋದವರನ್ನ ಕೇಳಿ. ಹಿಂದೆ ಶಂಕ್ರಣ್ಣನ ಚಿತ್ರ ಇರೋ ಆಟೋ ಆದರೆ ಇನ್ನೂ ಒಳ್ಳೇದು!

ಮಳೆ ಕಳೆದ ಮೇಲೆ, ಅಕ್ಟೋಬರಿನಿಂದ ಹೋಗಿ. ಆಗ ಬಂಗುಡೆ ಚೆನ್ನಾಗಿರುತ್ತೆ. ಮಧ್ಯಾಹ್ನ ಒಂದು ಗಂಟೆಯೊಳಗೆ ತಲುಪಿ, ಎರಡಕ್ಕೆ ಪಾತ್ರೆ ಖಾಲಿ. ‘ಪಾಪ್ಲೆಟ್ ಇಲ್ವಾ, ಇಸ್ವಾಣ ಇಲ್ವಾ’ ಅಂತ ಜಗಳ ತೆಗೀಬೇಡಿ. ಇವತ್ತು ಏನು ಬಂದಿದೆ ಅಂತ ಕೇಳಿ, ಅದನ್ನೇ ತಿನ್ನಿ. ಮಳೆಗಾಲದಲ್ಲಿ ಕಡಲಿಗೆ ಇಳೀಬೇಡಿ, ಹೀರೋಗಿರಿ ಅಲ್ಲಿ ನಡೆಯೋದಿಲ್ಲ. ಬಾಟಲಿ, ಪ್ಲಾಸ್ಟಿಕ್ಕು ಮರಳಲ್ಲಿ ಬಿಟ್ಟು ಬರಬೇಡಿ. ಬರಿಗಾಲಲ್ಲಿ ಹಗ್ಗ ಎಳೆಯೋರು ಮರುದಿನ ಅಲ್ಲೇ ನಿಲ್ಲಬೇಕು.

ಇನ್ನೊಂದು ಮಾತು. ಈ ಪತ್ರಿಕೆ ಓದೋರಲ್ಲಿ ಎಷ್ಟೋ ಹುಡುಗರು ಚಿತ್ರರಂಗಕ್ಕೆ ಬರಬೇಕು ಅಂತ ಕನಸು ಕಟ್ಟಿಕೊಂಡಿದ್ದೀರಿ, ಪತ್ರ ಬರೀತೀರಿ. ಬನ್ನಿ, ಬೇಡ ಅನ್ನಲ್ಲ. ಒಂದಲ್ಲ ಒಂದು ದಿನ ಯಾರೋ ನಿಮಗೆ ‘ಹೋಗಿ ಹೇಳು, ನಾಳೆ ಕೊಡ್ತೀವಿ ಅಂತ’ ಅನ್ನುತ್ತಾರೆ. ನನಗೆ ಹಾಗೂ ಯಾರೂ ಹೇಳಿರಲಿಲ್ಲ, ನಾನೇ ಹೋಗಿ ಹೇಳಿದೆ. ಟೈಟಲ್ ಕಾರ್ಡಿನ ಆಸೆಗೆ. ಆ ಹೊತ್ತಿಗೆ ನೆನಪಿರಲಿ: ನಾಳೆಯ ತಿಂಡಿಗೆ ಅಲ್ಲೊಬ್ಬಳು ಅಕ್ಕಿ ನೆನೆಸಿಡ್ತಾಳೆ.

ನಾನು ಬಸ್ಸಿಗೆ ಹೊರಟು ಗಾಳಿಮರದ ಸಾಲಿನವರೆಗೆ ಬಂದಿದ್ದೆ. ಹಿಂದಿನಿಂದ ಅಕ್ಕ ಕೂಗಿದಳು: ‘ಮುಂದಿನ ಸಲ ಬರೋದಾದ್ರೆ ಮೊದಲೇ ಹೇಳು ತಮಾ, ಬಳಚು ತರ್ಸಿಡ್ತೇನೆ.’

‘ಹೇಳ್ತೀನಿ ಅಕ್ಕಾ’ ಅಂದೆ. ಅಂದ ಮೇಲೆ ಒಂದು ಕ್ಷಣ ನಿಂತೆ. ಫೋನ್ ನಂಬರ್ ಕೇಳೋಕೆ ತಿರುಗಿ ಗುಡಿಸಲಿಗೆ ನಡೆದೆ.

ಮುಂದಿನ ವಾರ ಮತ್ತೆ ಸಿಗೋಣ. ಅಲ್ಲಿಯವರೆಗೆ... ಪ್ಯಾಕಪ್!